ಬೇರೆ ತಟ್ಟೆ

ನನಗೆ ಗೋಧಿ ಆಗಿಬರುವುದಿಲ್ಲ. ಹೀಗೆಂದರೆ ನಮ್ಮ ಕಡೆಯವರು ಮೊದಲು ನಗುತ್ತಾರೆ, ಆಮೇಲೆ ಮರುಗುತ್ತಾರೆ, ಕೊನೆಗೆ “ಇಷ್ಟಕ್ಕ ಏನಾಗಂಗಿಲ್ಲ, ತಗೋರಿ” ಎಂದು ಒಂದು ಸೌಟು ಗೋಧಿ ಹುಗ್ಗಿ ಬಡಿಸಿಯೇ ಬಿಡುತ್ತಾರೆ. ಜೋಳದ ಸೀಮೆಯಲ್ಲಿ ಹುಟ್ಟಿದವಳಿಗೆ ಗೋಧಿ ಬಿಡುವುದೇನು ಮಹಾ ಎಂದು ಕೇಳಿದವರೂ ಇದ್ದಾರೆ. ದಿನದ ಊಟದ ಮಟ್ಟಿಗೆ ಆ ಮಾತು ನಿಜ. ಆದರೆ ನಮ್ಮಲ್ಲಿ ಗೋಧಿ ದಿನದ ಊಟವಲ್ಲ, ಮರ್ಯಾದೆಯ ಊಟ. ಬೀಗರು ಬಂದರೆ ಹುಗ್ಗಿ, ಕೂಸನ್ನು ತೊಟ್ಟಿಲಿಗೆ ಹಾಕಿದರೆ ಹೋಳಿಗೆ, ಕ್ರಿಸ್‌ಮಸ್‌ಗೆ ಕರ್ಚಿಕಾಯಿ. ರೊಟ್ಟಿಯನ್ನು ಹಸಿದವರಿಗೆ ಕೊಡುತ್ತಾರೆ, ಹುಗ್ಗಿಯನ್ನು ಬೇಕಾದವರಿಗೆ ಮಾಡುತ್ತಾರೆ. ಅದನ್ನು ಬೇಡ ಎಂದರೆ ಮಾಡಿದವರನ್ನೇ ಬೇಡ ಎಂದಂತೆ.

ಅದರ ಮೇಲೆ ನಾನು ಕ್ರೈಸ್ತಳು. ನಮ್ಮ ನಂಬಿಕೆಯ ನಡುಮನೆಯಲ್ಲೇ ಒಂದು ತುಂಡು ಗೋಧಿ ರೊಟ್ಟಿ ಇದೆ. ತಿಂಗಳಿಗೊಮ್ಮೆ ಪ್ರಭುಭೋಜನದ ದಿನ ಸಭೆಯವರೆಲ್ಲ ಸಾಲಾಗಿ ಮೊಣಕಾಲೂರಿ ಅದೊಂದೇ ರೊಟ್ಟಿಯ ತುಂಡುಗಳನ್ನು ತಿನ್ನುತ್ತೇವೆ. ಎಲ್ಲರೂ ಒಂದೇ ಎನ್ನುವುದಕ್ಕೆ ಅದೇ ಗುರುತು. ಆ ಸಾಲಿನಲ್ಲಿ ನನ್ನ ಅತ್ತೆಯ ಪಕ್ಕ ಕೂತು, ಅವರು ತಿಂದದ್ದನ್ನೇ ನಾನೂ ತಿನ್ನಬೇಕು ಎನ್ನುವುದಕ್ಕಿಂತ ದೊಡ್ಡ ಆಸೆ ನನಗೆ ಬದುಕಿನಲ್ಲಿ ಬರಲಿಲ್ಲ. ಅತ್ತೆ ಈಗಿಲ್ಲ. ಆಸೆ ಮಾತ್ರ ಹಾಗೇ ಇದೆ.

ನಾನು ಹುಟ್ಟಿದ್ದು ಯಾದಗಿರಿ ಮಗ್ಗುಲಿನ ರಾಮಸಮುದ್ರದಲ್ಲಿ. ಅಪ್ಪ ಶಾಲಾ ಮಾಸ್ತರರು. ಮನೆಯಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಹಬ್ಬಕ್ಕೆ ಅವ್ವ ಗೋಧಿಗೆ ನೀರು ಚಿಮುಕಿಸಿ ಒರಳಲ್ಲಿ ಕುಟ್ಟಿ, ಸಿಪ್ಪೆ ಕೇರಿ ತೆಗೆದು, ಮುಂಜಾನೆಯಿಡೀ ಕುದಿಸಿ, ಬೆಲ್ಲ ಹಾಕಿ ಹುಗ್ಗಿ ಮಾಡುತ್ತಿದ್ದಳು. ಮೇಲೆ ಗಸಗಸೆ, ಒಣಕೊಬ್ಬರಿ, ಕಾಸಿದ ತುಪ್ಪ. ನಾನು ಗಂಗಾಳ ನೆಕ್ಕುವ ತನಕ ಬಿಡುತ್ತಿರಲಿಲ್ಲ. ಮರುದಿನ ಹೊಟ್ಟೆ ಉಬ್ಬರಿಸಿ ಮುದುಡಿ ಮಲಗಿದರೆ ಅವ್ವ, “ಆಸೆಬುರುಕಿ, ಅಳತಿ ತಪ್ಪಿ ತಿಂದ್ರ ಹಿಂಗ ಆಗ್ತದ” ಎಂದು ಬೈಯುತ್ತಿದ್ದಳು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಆಗ ನನ್ನ ಬೆನ್ನಿಗೆ ಅಂಟಿಕೊಂಡಿತು. ಹಬ್ಬಗಳು ಕಡಿಮೆ ಇದ್ದದ್ದರಿಂದ ನಾನು ಉಳಿದೆ.

ಮದುವೆಯಾಗಿ ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿಗೆ ಬಂದೆ. ಕೃಷ್ಣೆಯ ನೀರು ಆ ಕಡೆ ಹರಿದು ಇನ್ನೂ ಕೆಲವೇ ವರ್ಷಗಳಾಗಿದ್ದವು. ನನ್ನ ಗಂಡ ಕಾಲುವೆ ಇಲಾಖೆಯಲ್ಲಿ ಗುಮಾಸ್ತರು. ನಾನು ಕ್ಯಾಂಪಿನ ಶಾಲೆಯಲ್ಲಿ ಟೀಚರ್ ಆದೆ. ಒಂದೇ ಅಚ್ಚಿನ ಕ್ವಾರ್ಟರ್ಸುಗಳು, ಹತ್ತೂ ಕಡೆಯಿಂದ ಬಂದ ನೌಕರರು, ಎಲ್ಲರ ಮನೆಯಲ್ಲೂ ರಾತ್ರಿ ಊಟಕ್ಕೆ ಚಪಾತಿ. ಸಂಬಳದವರ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಅವಮಾನ ಎನ್ನುವಂತೆ ಆಗಿತ್ತು. ಗೋಧಿ ನನ್ನ ಪಾಲಿಗೆ ಹಬ್ಬದಿಂದ ಇಳಿದು ದಿನದ ಊಟಕ್ಕೆ ಬಂತು.

ಅತ್ತೆ ನಮ್ಮ ಜೊತೆಗೇ ಇದ್ದರು. ಮೂಲ ಸುರಪುರದವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಸಭೆಯ ಕಡೆಯಿಂದ ಹಳ್ಳಿ ಹಳ್ಳಿಗೆ ಹೋಗಿ ಸುವಾರ್ತೆ ಹೇಳುವ ಕೆಲಸ ಹಿಡಿದಿದ್ದರು. ಹೆಗಲಿಗೊಂದು ಚೀಲ, ಚೀಲದಲ್ಲಿ ವೇದಪುಸ್ತಕ, ಕಣ್ಣಿಗೆ ಹಚ್ಚುವ ಮುಲಾಮಿನ ಡಬ್ಬಿ. ಸುರಪುರದಿಂದ ಶಹಾಪುರದ ತನಕ ಅವರ ಕಾಲು ತುಳಿಯದ ಹಾದಿ ಇರಲಿಲ್ಲ. ಜನ ಅವರನ್ನು ‘ಬಾಯಾರು’ ಎನ್ನುತ್ತಿದ್ದರು. ಕಳಿಸಲ್ಪಟ್ಟವರು ಹೋದ ಮನೆಯಲ್ಲಿ ಕೊಟ್ಟದ್ದನ್ನು ಉಣ್ಣಬೇಕು ಎಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದು ಅವರ ಇಡೀ ಸೇವೆಯ ನಿಯಮವಾಗಿತ್ತು. ಹಳಸಿದ ಅಂಬಲಿ ಕೊಟ್ಟರೂ ಕುಡಿದು ದೇವರಿಗೆ ಸ್ತೋತ್ರ ಹೇಳಿ ಎದ್ದು ಬರುತ್ತಿದ್ದರಂತೆ. ಅದರಲ್ಲಿ ಇನ್ನೊಂದು ಸಂಗತಿಯೂ ಇತ್ತು. ನಮ್ಮ ಹಿರಿಯರು ಕ್ರೈಸ್ತರಾಗುವ ಮೊದಲು ಊರ ಹೊರಗಿದ್ದವರು. ನಮ್ಮ ಮನೆಯ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಹೀಗಾಗಿ ‘ಒಲ್ಲೆ’ ಎಂದು ತಟ್ಟೆ ಸರಿಸುವುದು ಅತ್ತೆಯ ಕಣ್ಣಿಗೆ ಬರೀ ಊಟದ ವಿಷಯವಾಗಿರಲಿಲ್ಲ.

ಕ್ಯಾಂಪಿಗೆ ಬಂದ ವರ್ಷದಿಂದ ನಾನು ಸೊರಗತೊಡಗಿದೆ. ಉಂಡದ್ದು ನಿಲ್ಲುತ್ತಿರಲಿಲ್ಲ. ಬಾಯಿ ತುಂಬ ಹುಣ್ಣು, ಕೂದಲು ಬಾಚಣಿಗೆಯ ತುಂಬ. ಶಾಲೆಯಲ್ಲಿ ಬೋರ್ಡಿನ ಮುಂದೆ ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಆರೈಕೆಗೆ ನಿಂತರು. ನಮ್ಮ ಕಡೆ ಬೇನೆಯವರಿಗೆ ಮೊದಲು ಬಿಡಿಸುವುದು ಜೋಳದ ರೊಟ್ಟಿ. ಅದು ಜಡ, ಕರಗುವುದಿಲ್ಲ ಎಂದು. ಕೊಡುವುದು ಹಾಲಲ್ಲಿ ನೆನೆಸಿದ ಬ್ರೆಡ್ಡು, ರವೆ ಗಂಜಿ. ತೀರಾ ಹಸಿವಾದರೆ ಮೆತ್ತನೆಯ ಚಪಾತಿ. ದವಾಖಾನೆಗೆ ಬೇನೆಯವರನ್ನು ನೋಡಲು ಹೋಗುವವರ ಕೈಯಲ್ಲೂ ಬ್ರೆಡ್ಡಿನ ಪೊಟ್ಟಣವೇ ಇರುತ್ತದೆ. ಅತ್ತೆ ಬ್ರೆಡ್ಡನ್ನು ಚೂರು ಚೂರು ಮಾಡಿ, ಹಾಲು ಹಾಕಿ, ಚಮಚೆಯಿಂದ ಕೂಸಿಗೆ ಉಣಿಸಿದಂತೆ ನನಗೆ ಉಣಿಸುತ್ತಿದ್ದರು. “ನುಂಗವ್ವ, ಹಗುರ ಅದ, ನುಂಗು.” ನಾನು ನುಂಗುತ್ತಿದ್ದೆ. ನನ್ನ ಅವ್ವನೂ ನನ್ನನ್ನು ಅಷ್ಟು ಮುದ್ದು ಮಾಡಿರಲಿಲ್ಲ. ಅವರು ಪ್ರೀತಿ ಹೆಚ್ಚಿಸಿದಷ್ಟೂ ನನ್ನ ಬೇನೆ ಹೆಚ್ಚಿತು.

ಕೊನೆಗೆ ಕಲಬುರಗಿಯ ಒಬ್ಬ ಡಾಕ್ಟರು ರಕ್ತ ತೆಗೆದು, ಗಂಟಲಿನಿಂದ ನಳಿಕೆ ಇಳಿಸಿ ನೋಡಿ, ಅತ್ತೆಯನ್ನು ಮುಂದೆ ಕೂರಿಸಿಕೊಂಡು ಹೇಳಿದರು.

“ನೋಡ್ರಿ ಅವ್ವಾರ, ಗೋದ್ಯಾಗ ಗ್ಲುಟೆನ್ ಅಂತ ಒಂದು ಅಂಟು ಇರ್ತದ. ಅದು ನಿಮ್ಮ ಸೊಸಿ ಕರುಳಿಗೆ ಆಗಂಗಿಲ್ಲ. ಗೋದಿ, ರವಾ, ಮೈದಾ, ಬ್ರೆಡ್ಡು, ಬಿಸ್ಕೀಟು ಎಲ್ಲಾ ಬಿಡಬೇಕು. ಒಂದು ಚೂರೂ ನಡ್ಯಂಗಿಲ್ಲ. ಅನ್ನ ಹಾಕ್ರಿ, ಜ್ವಾಳದ ರೊಟ್ಟಿ ಹಾಕ್ರಿ.”

“ಎಷ್ಟು ದಿನಾರಿ ಸಾಹೇಬ್ರ?”

“ಇರೋತನಕ.”

ಬಸ್‌ಸ್ಟ್ಯಾಂಡಿಗೆ ಅತ್ತೆಯೇ ನನ್ನನ್ನು ಕರೆತಂದರು. ಬೆಂಚಿನ ಮೇಲೆ ಕೂತ ಮೇಲೆ, “ಜ್ವಾಳದ ರೊಟ್ಟಿ ತಿನ್ನು ಅಂತ ಹೇಳಿಸ್ಕೊಳ್ಳಾಕ ಕಲಬುರಗಿತನಕ ಬಂದ್ವಲ್ಲ” ಎಂದರು. ನನಗೆ ನಗು ಬಂತು. ಅವರು ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ನನ್ನ ಕೈಯಾರೆ ಬ್ರೆಡ್ ತಿನಿಸಿ ನಿನ್ನ ಸಾಯಿಸಾಕತ್ತಿದ್ದೆ” ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಆ ಕೈಯ ಮೇಲೆ ನನಗೆ ಒಂದು ದಿನವೂ ಸಿಟ್ಟು ಬಂದಿರಲಿಲ್ಲ.

ಆ ದಿನದಿಂದ ಅತ್ತೆ ನನ್ನ ಕಾವಲಿಗೆ ನಿಂತರು. ಕಾವಲೆಂದರೆ ಸಾಮಾನ್ಯದ ಕಾವಲಲ್ಲ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಜೋಳ ಬೀಸಿದರೆ ಗೋಧಿ ಹಿಟ್ಟು ಬೆರೆಯುತ್ತದೆ ಎಂದು ತಿಳಿದ ಮೇಲೆ, ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೊದಲು ಬಿದ್ದ ಹಿಟ್ಟನ್ನು ಬೇರೆ ತೆಗೆದಿಟ್ಟು ನೆರೆಯವರ ಕೋಳಿಗೆ ಹಾಕುತ್ತಿದ್ದರು. ಗಿರಣಿಯವನು, “ಬಾಯಾರ, ನೀವು ಬರೂದು ನೋಡಿ ನನ್ನ ಗಿರಣಿನೂ ಅಂಜ್ತದ” ಎನ್ನುತ್ತಿದ್ದ. ಮನೆಯಲ್ಲಿ ನನಗೆ ಬೇರೆ ಹಂಚು, ಹಿಟ್ಟು ನಾದಲು ಬೇರೆ ಪರಾತ ಬಂದವು. ಮೈ ತುಂಬಿಕೊಂಡೆ. ಬಾಯಿ ಮಾಯಿತು. ಕ್ಯಾಂಪಿನ ಓಣಿಯಲ್ಲಿ ನಮ್ಮ ಮನೆಯಿಂದ ಮಾತ್ರ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು.

ಆದರೆ ತಿಂಗಳ ಮೊದಲ ಭಾನುವಾರ ಬಂತು.

ಕ್ಯಾಂಪಿನಲ್ಲಿ ನಮ್ಮದು ಸಣ್ಣ ಸಭೆ. ಇಲಾಖೆಯ ಒಂದು ಹಳೆಯ ಶೆಡ್ಡಿನಲ್ಲಿ ಆರಾಧನೆ. ಪ್ರಭುಭೋಜನದ ದಿನ ಶಹಾಪುರದಿಂದ ಸಭಾಪಾಲಕರು ಬಸ್ಸಿನಲ್ಲಿ ಬರುತ್ತಿದ್ದರು. ರೊಟ್ಟಿ ಮಾಡುವುದು ಅತ್ತೆಯ ಪಾಲಿನ ಸೇವೆ. ತಲೆಗೆ ನೀರು ಹಾಕಿಕೊಂಡು, ಉಪ್ಪಿಲ್ಲದ ಗೋಧಿ ಹಿಟ್ಟು ನಾದಿ, ಯಾರೊಂದಿಗೂ ಮಾತಾಡದೆ, ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಳ್ಳುತ್ತ ಬೇಯಿಸುತ್ತಿದ್ದರು. ಒಣದ್ರಾಕ್ಷಿ ಕುದಿಸಿ ರಸ ತೆಗೆಯುತ್ತಿದ್ದರು. ನಾನು ರೊಟ್ಟಿಯನ್ನು ಬಿಟ್ಟು ರಸ ಮಾತ್ರ ತೆಗೆದುಕೊಳ್ಳತೊಡಗಿದೆ. ಸಭಾಪಾಲಕರು ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬರುವಾಗ ನಾನು ಎರಡೂ ಕೈ ಮುಚ್ಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅತ್ತೆ ತಮ್ಮ ತುಂಡನ್ನು ಬಾಯಿಗಿಟ್ಟುಕೊಂಡು ನನ್ನ ಕಡೆ ನೋಡದೆ ಜಗಿಯುತ್ತಿದ್ದರು. ಆ ಹೊತ್ತು ಎಷ್ಟು ಸಣ್ಣದು ಎಂದರೆ ಹೇಳಿದರೆ ನಗುತ್ತೀರಿ. ನನಗೆ ಮಾತ್ರ ಮನೆ ತುಂಬ ಜನ ಉಣ್ಣುವಾಗ ಅಂಗಳದಲ್ಲಿ ನಿಂತಂತೆ ಆಗುತ್ತಿತ್ತು.

ಇದನ್ನು ಕಂಡವರು ಸುಮ್ಮನಿರುತ್ತಾರೆಯೇ? ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ನಮ್ಮಲ್ಲಿ ಎರಡೂ ಪರರ ಇಚ್ಛೆಯೇ. ಶುಕ್ರವಾರದ ಉಪವಾಸ ಪ್ರಾರ್ಥನೆ ನಡೆಸುತ್ತಿದ್ದ ಹಿರಿಯಕ್ಕನೊಬ್ಬಳು ನನ್ನ ತಲೆಯ ಮೇಲೆ ಕೈಯಿಟ್ಟು, “ನಂಬಿಕಿ ಇಟ್ಟು ತಿನ್ನು ತಂಗಿ. ಕರ್ತನ ರೊಟ್ಟಿ ಯಾರಿಗೂ ಕೇಡ ಮಾಡಂಗಿಲ್ಲ” ಎಂದಳು. ಎಲ್ಲರೂ ಆಮೆನ್ ಅಂದರು. ನನಗೂ ತಿನ್ನುವ ಆಸೆ ಇದ್ದದ್ದು ಸುಳ್ಳಲ್ಲ. ಆಸೆಗೆ ನಂಬಿಕೆಯ ಸೀರೆ ಉಡಿಸಿ ಆ ತಿಂಗಳು ಕೈ ಚಾಚಿದೆ. ಅತ್ತೆ ನನ್ನ ತೋಳು ಹಿಡಿಯುವಷ್ಟರಲ್ಲಿ ತುಂಡು ಬಾಯಿಯಲ್ಲಿತ್ತು. ಉಪ್ಪಿಲ್ಲದ, ಸ್ವಲ್ಪ ಸುಟ್ಟ ವಾಸನೆಯ ಆ ರುಚಿ ಇವತ್ತಿಗೂ ನಾಲಿಗೆ ಮೇಲಿದೆ. ಸಾಯಂಕಾಲದ ಹೊತ್ತಿಗೆ ಹೊಟ್ಟೆ ಹಿಂಡತೊಡಗಿತು. ಮುಂದಿನ ವಾರವೆಲ್ಲ ಶಾಲೆಗೆ ರಜೆ ಹಾಕಿ ಹಾಸಿಗೆ ಹಿಡಿದೆ.

ನೋಡಲು ಬಂದ ಹಿರಿಯಕ್ಕ, “ಎಲ್ಲೋ ನಂಬಿಕಿ ಕಡಿಮಿ ಬಿತ್ತು” ಎಂದಳು.

“ಅಕ್ಕಾ, ನಂಬಿಕಿ ಕಡಿಮಿ ಬಿದ್ದಿಲ್ಲ. ಗೋದಿ ಹೆಚ್ಚಾಗ್ಯಾದ” ಎಂದೆ.

ಅವಳು ಮುಖ ಕೆಂಪು ಮಾಡಿಕೊಂಡು ಎದ್ದು ಹೋದಳು. ಇಷ್ಟು ವರ್ಷ ದೊಡ್ಡವರಿಗೆ ಎದುರಾಡದ ನನಗೆ ಆ ಮಾತಿನಿಂದ ಒಂಥರಾ ಹಗುರವಾಯಿತು. ಒಳ್ಳೆಯ ಕ್ರೈಸ್ತಳು ಯಾರಿಗೂ ಇಲ್ಲ ಅನ್ನಬಾರದು ಎಂದು ಸಣ್ಣಂದಿನಿಂದ ಕೇಳಿದ್ದೆ. ಆದರೆ ಯೇಸುಸ್ವಾಮಿಯೂ ಜನರನ್ನು ಬಿಟ್ಟು ಒಬ್ಬನೇ ಗುಡ್ಡಕ್ಕೆ ಹೋಗುತ್ತಿದ್ದ. ಅವನು ಮೇಲೆ ಪ್ರಾರ್ಥಿಸುವಾಗ ಕೆಳಗೆ ಬೇನೆಯವರು ಕಾಯುತ್ತಲೇ ಇದ್ದಿರಬೇಕು. ಹಾಸಿಗೆಯಲ್ಲಿ ಬಿದ್ದುಕೊಂಡು ನಾನು ಇದನ್ನು ಬಹಳ ಯೋಚಿಸಿದೆ. ಕ್ಯಾಂಪಿನ ಸುತ್ತಲಿನ ಹೊಲಗಳೂ ಕಣ್ಣೆದುರಿಗೇ ಇದ್ದವು. ಕಾಲುವೆ ಬಂದ ಹೊಸದರಲ್ಲಿ ನೀರು ಬಿಟ್ಟಷ್ಟೂ ತಗ್ಗಿನ ಹೊಲಗಳಿಗೆ ಹರಿಸಿದರು. ಬೇಡ ಎಂದು ಬದು ಕಟ್ಟಿದವರನ್ನು ಹುಚ್ಚರು ಎಂದರು. ಕೆಲವು ವರ್ಷಕ್ಕೆ ಬೇಡ ಎನ್ನದ ಹೊಲಗಳೆಲ್ಲ ಸವಳು ಬಿದ್ದು ಮೇಲೆ ಬಿಳಿ ಉಪ್ಪು ಕಟ್ಟಿತು. ನೀರಿನದೇನೂ ತಪ್ಪಿರಲಿಲ್ಲ.

ಗುಣವಾದ ಮೇಲೆ ನಾನೇ ಸಭಾಪಾಲಕರ ಹತ್ತಿರ ಹೋಗಿ, ನನಗಾಗಿ ಬೇರೆ ತಟ್ಟೆಯಲ್ಲಿ ಒಂದು ತುಂಡು ಜೋಳದ ರೊಟ್ಟಿ ಇಟ್ಟು ಪ್ರಾರ್ಥಿಸಬಹುದೇ ಎಂದು ಕೇಳಿದೆ. ಮೆತ್ತಗಿನ ಮನುಷ್ಯ. ಮೇಲಿನವರನ್ನು ಕೇಳಬೇಕು, ಆದರೂ ನೋಡೋಣ, ಆಗದೇ ಇರಲಿಕ್ಕಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಆದರೆ ಮುಂದಿನ ತಿಂಗಳು ಮೇಜಿನ ಮೇಲೆ ದೊಡ್ಡ ತಟ್ಟೆಯ ಪಕ್ಕ ಒಂದು ಸಣ್ಣ ಸ್ಟೀಲಿನ ತಟ್ಟೆ ಇತ್ತು. ಅದರಲ್ಲಿ ಅವರ ಮನೆಯಲ್ಲೇ ಮಾಡಿಸಿ ತಂದ ಜೋಳದ ರೊಟ್ಟಿ. ನನಗೆ ಕಣ್ಣು ತುಂಬಿ ಬಂತು.

ಅತ್ತೆಗೆ ನಾನು ಹೇಳಿರಲಿಲ್ಲ. ಸಾಲಿಗೆಲ್ಲ ಕೊಟ್ಟು ಮುಗಿಸಿದ ಸಭಾಪಾಲಕರು ಮೇಜಿಗೆ ಹಿಂತಿರುಗಿ ಸಣ್ಣ ತಟ್ಟೆ ಹಿಡಿದು ನನ್ನ ಕಡೆ ಬಂದಾಗ ಅತ್ತೆ ಮೊಣಕಾಲಿನಿಂದ ಎದ್ದು ನಿಂತರು.

“ಅಯ್ಯನವರ, ಆ ತಟ್ಟಿ ಒಳಗ ಇಡ್ರಿ.”

“ಬಾಯಾರ, ಅವರಿಗೆ ಆಗಂಗಿಲ್ಲಂತ...”

“ಬ್ಯಾರಿ ತಟ್ಟಿ ಅಂದ್ರ ಏನಂತ ನನಗ ಗೊತ್ತದ. ಒಳಗ ಇಡ್ರಿ.”

ಇಡೀ ಸಭೆ ತಲೆ ಎತ್ತಿ ನೋಡಿತು. ಸಭಾಪಾಲಕರು ತಟ್ಟೆ ಹಿಡಿದು ಹಾಗೇ ನಿಂತರು. ನಾನು ಕೈ ಚಾಚಿ ಅವರ ತಟ್ಟೆಯಿಂದ ನನ್ನ ತುಂಡನ್ನು ತೆಗೆದುಕೊಂಡು ತಿಂದೆ. ಅತ್ತೆ ಹೊರಗೆ ನಡೆದುಬಿಟ್ಟರು.

ಮನೆಯಲ್ಲಿ ಅವರು ಗೋಡೆಗೆ ಒರಗಿ ಕೂತಿದ್ದರು. ಹಳ್ಳಿ ತಿರುಗುವಾಗ ಚಹಾದಂಗಡಿಯ ಸೂರಿನಲ್ಲಿ ಸಿಗಿಸಿಟ್ಟಿರುತ್ತಿದ್ದ ಕಪ್ಪಿನ ವಿಷಯವನ್ನು ಅವತ್ತು ಮೊದಲ ಸಲ ನನಗೆ ಹೇಳಿದರು. ಅದು ನಮ್ಮವರಿಗೆಂದೇ ಇಟ್ಟ ಕಪ್ಪು. ತಾವೇ ಇಳಿಸಿಕೊಂಡು, ಕುಡಿದು, ತೊಳೆದು, ತಾವೇ ಮತ್ತೆ ಸಿಗಿಸಿ ಬರಬೇಕು. “ಎಲ್ಲಾರೂ ಒಂದ ತಟ್ಟಿ ಅಂತ ಹೇಳಿಕೋತ ಊರೂರು ತಿರಿಗೀನಿ. ನನ್ನ ಸೊಸಿಗೆ ದೇವರ ಮನ್ಯಾಗ ಬ್ಯಾರಿ ತಟ್ಟಿ ಇಟ್ರ ನಾ ಹೆಂಗ ನೋಡಲಿ?”

“ಅತ್ತಿ, ಆ ಕಪ್ಪು ಅವರು ಇಟ್ಟದ್ದು. ಈ ತಟ್ಟಿ ನಾನೇ ಕೇಳಿ ಇಡಿಸಿದ್ದು” ಎಂದೆ.

ಅವರು ಬಹಳ ದಿನ ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದರು. ನನ್ನ ಮಾತು ಸರಿಯಿತ್ತು, ಅವರ ನೋವೂ ಸರಿಯಿತ್ತು. ನಡುವೆ ನನ್ನ ಗಂಡ ಪೇಪರು ಓದುತ್ತ ಕೂತಿದ್ದರು. ಗಂಡಸರಿಗೆ ದೇವರು ಪೇಪರು ಕೊಟ್ಟಿರುವುದೇ ಇಂಥ ಹೊತ್ತಿಗೆ.

ಮುಂದಿನ ತಿಂಗಳು ಅತ್ತೆ ಎಂದಿನಂತೆ ಗೋಧಿ ರೊಟ್ಟಿ ಮಾಡಿದರು. ಆಮೇಲೆ ನನ್ನ ಹಂಚು ಇಟ್ಟು ಒಂದು ಸಣ್ಣ ಜೋಳದ ರೊಟ್ಟಿಯನ್ನೂ ಬಡಿದು, ಬೇರೆ ಬಟ್ಟೆಯಲ್ಲಿ ಸುತ್ತಿಕೊಂಡರು. ಸಾಲಿನಲ್ಲಿ ಸಭಾಪಾಲಕರು ದೊಡ್ಡ ತಟ್ಟೆ ಹಿಡಿದು ಬಂದಾಗ, ಎಲ್ಲರಿಗೂ ರೊಟ್ಟಿ ಮಾಡಿದ ನನ್ನ ಅತ್ತೆ ಕೈ ಮುಚ್ಚಿಕೊಂಡರು. ಸಣ್ಣ ತಟ್ಟೆ ಬಂದಾಗ ನನಗಿಂತ ಮೊದಲು ಅವರೇ ಕೈ ಚಾಚಿದರು. ಇಬ್ಬರೂ ಒಟ್ಟಿಗೆ ಜಗಿದೆವು. ಜೋಳದ ರೊಟ್ಟಿ ಆರಿದರೆ ಬೇಗ ನುಂಗಲು ಬರುವುದಿಲ್ಲ. ಅದು ಇನ್ನಷ್ಟು ಹೊತ್ತು ನುಂಗಲು ಬಾರದಿರಲಿ ಎನಿಸಿತು. ಅಂಥ ಸುಖ ನನಗೆ ಸಭೆಯಲ್ಲಿ ಮತ್ತೆ ಸಿಕ್ಕಿಲ್ಲ.

ಅತ್ತೆ ಅಲ್ಲಿಗೆ ನಿಲ್ಲಲಿಲ್ಲ. ಮನೆಯಲ್ಲೂ ಗೋಧಿ ಬಿಟ್ಟರು. “ನಿನಗ ಬ್ಯಾಡಾದದ್ದು ನನಗ್ಯಾಕ?” ಎಂದರು. ನನ್ನ ಗಂಡ ಚಪಾತಿ ತಿನ್ನಲು ಗೆಳೆಯರ ಮನೆಗೆ ಹೋಗುವಂತಾಯಿತು. ನಾನು ಬೇಡವೆನ್ನಲಿಲ್ಲ. ಒಬ್ಬಳೇ ಪಥ್ಯ ಮಾಡುವುದು ಎಷ್ಟು ಬೇಸರವೆಂದು ಮಾಡಿದವರಿಗೇ ಗೊತ್ತು. ಆದರೆ ನೆರೆಮನೆಯಲ್ಲಿ ಹೋಳಿಗೆ ಬೇಯುವಾಗ ಅತ್ತೆ ಕಿಟಕಿಯ ಬಳಿ ಏನೋ ಹುಡುಕುವವರಂತೆ ನಿಲ್ಲುವುದನ್ನು ಕಂಡೆ. ಕ್ರಿಸ್‌ಮಸ್ಸಿಗೆ ಬಂದ ಕರ್ಚಿಕಾಯಿಯ ತಟ್ಟೆಯನ್ನು ಓಣಿಯ ಮಕ್ಕಳಿಗೆ ಹಂಚಿ, ಬೆರಳಿಗಂಟಿದ ಸಕ್ಕರೆಯನ್ನು ನೀರಲ್ಲಿ ತೊಳೆದುಕೊಂಡರು. ಸಿಹಿಯೆಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು. ನೋಡಿಯೂ ನಾನು ಸುಮ್ಮನಿದ್ದೆ. ಜೊತೆ ಯಾರಿಗೆ ಬೇಡ?

ಆಗ ದೋರನಹಳ್ಳಿಯಿಂದ ಕರೆ ಬಂತು.

ಅಲ್ಲಿ ಕುರಿ ಸಾಕುವವರ ಒಂದು ಮನೆ. ಆ ಮನೆಯ ಹೆಂಗಸು ಅತ್ತೆಯ ಹಳೆಯ ಗೆಳತಿ. ಹರೆಯದಲ್ಲಿ ಅವಳ ಕೂಸಿನ ಕಣ್ಣು ಕೀವು ಕಟ್ಟಿದಾಗ ಅತ್ತೆ ದಿನಾ ನಡೆದು ಹೋಗಿ ಮುಲಾಮು ಹಚ್ಚಿ ಬಂದಿದ್ದರು. ಅಷ್ಟಾದರೂ ಆ ಮನೆಯಲ್ಲಿ ಅತ್ತೆ ಕೂರುತ್ತಿದ್ದದ್ದು ಹೊರಗಿನ ಕಟ್ಟೆಯ ಮೇಲೆ. ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಗೆಳತಿಯ ಅತ್ತೆಯ ಕಾಲ ಅದು. ಈಗ ಮನೆ ಗೆಳತಿಯ ಕೈಗೆ ಬಂದಿತ್ತು. ಅವರ ಹೊಲಕ್ಕೆ ಕಾಲುವೆಯ ನೀರು ಮುಟ್ಟಿ, ಮೊದಲ ಸಲ ಗೋಧಿ ಬೆಳೆದಿದ್ದರು. ಆ ಹೊಸ ಗೋಧಿಯ ಹುಗ್ಗಿ ಮಾಡುತ್ತೇನೆ, ಬಾಯಾರು ಬರಲೇಬೇಕು ಎಂದು ಮಗನ ಕೈಯಲ್ಲಿ ಹೇಳಿ ಕಳಿಸಿದ್ದಳು.

ನಾವು ಹೋದಾಗ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಅತ್ತೆ ರೂಢಿಯಂತೆ ಕಟ್ಟೆಯ ಹತ್ತಿರ ನಿಂತರು. ಗೆಳತಿ ಅವರ ಕೈ ಹಿಡಿದು ಹೊಸ್ತಿಲು ದಾಟಿಸಿ ಕಂಬಳಿಯ ಮೇಲೆ ಕೂರಿಸಿದಳು. ಮನೆಯವರು ಉಣ್ಣುವ ಗಂಗಾಳಗಳನ್ನೇ ಇಟ್ಟಳು. ಹುಗ್ಗಿಯ ಪಾತ್ರೆಯ ಮುಚ್ಚಳ ತೆಗೆದಳು. ಮುಂಚಿತವಾಗಿ ನನ್ನ ಬೇನೆ ತಿಳಿಸಿದ್ದೆವು. ನನಗೆ ರೊಟ್ಟಿ, ಪುಂಡಿ ಪಲ್ಯ ಬಡಿಸಿ, ಸೌಟು ಹಿಡಿದು ಅತ್ತೆಯ ಕಡೆ ತಿರುಗಿದಳು.

“ನನಗೂ ಬ್ಯಾಡವ್ವ. ಗೋದಿ ಬಿಟ್ಟೀನಿ. ರೊಟ್ಟಿನ ಹಾಕು” ಎಂದರು ಅತ್ತೆ.

ಸೌಟು ಹಾಗೇ ನಿಂತಿತು. ಗೆಳತಿ ಮೆಲ್ಲಗೆ ನೆಲಕ್ಕೆ ಕೂತಳು.

“ಬಾಯಾರ, ನಾ ನಿಮಗ ಹೊರಗ ಕುಂದ್ರಿಸಿದ್ದೆ, ಖರೇ. ನಮ್ಮತ್ತಿ ಮುಂದ ನನ್ನ ಮಾತು ನಡೀತಿರಲಿಲ್ಲ. ಅದಕ್ಕ ಈಗ ನನ್ನ ಕೈ ಅಡಗಿ ಒಲ್ಲೆ ಅಂತೀರೇನ್ರಿ?”

“ಅಲ್ಲವ್ವ, ಅದಲ್ಲ. ಈಕಿ ಸಲುವಾಗಿ ಬಿಟ್ಟೀನಿ. ಈಕಿಗೆ ಆಗಂಗಿಲ್ಲಲ್ಲ.”

ಗೆಳತಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. ಅತ್ತೆ ಒಂದು ಹರೆಯವೆಲ್ಲ ಕಾದಿದ್ದ ಊಟ ಅವರ ಮುಂದೆ ಇತ್ತು. ಅದಕ್ಕೆ ಅಡ್ಡ ಬಂದದ್ದು ಅವರ ಜಾತಿಯಲ್ಲ, ನನ್ನ ಹೊಟ್ಟೆ. ನನಗೆ ಬೇಕಾಗಿದ್ದ ಜೊತೆಗಾಗಿ ಅತ್ತೆ ಎಷ್ಟು ಬೆಲೆ ಕೊಡುತ್ತಿದ್ದಾರೆ ಎಂದು ಅವತ್ತು ತಿಳಿಯಿತು. ಅವರನ್ನು ಬಿಟ್ಟುಕೊಡಲು ನನಗೆ ಸ್ವಲ್ಪವೂ ಮನಸ್ಸಿರಲಿಲ್ಲ.

“ಅತ್ತಿ,” ಎಂದೆ, “ನನ್ನ ಹೊಟ್ಟಿ ಬ್ಯಾರಿ, ನಿಮ್ಮ ಹೊಟ್ಟಿ ಬ್ಯಾರಿ. ನನ್ನ ಪಥ್ಯ ನೀವು ಮಾಡಬ್ಯಾಡ್ರಿ. ಉಣ್ರಿ.”

ನಮ್ಮ ಕಡೆ ಈ ಮಾತನ್ನು ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಳ್ಳುವಾಗ ಆಡುತ್ತಾರೆ. ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಂಗಾಳವನ್ನು ಮುಂದಕ್ಕೆ ಸರಿಸಿದರು. ಗೆಳತಿ ಹುಗ್ಗಿ ಹಾಕಿ, ತುಪ್ಪ ಸುರಿದಳು. ಅತ್ತೆ ಸ್ತೋತ್ರ ಹೇಳಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಎರಡನೆಯ ಸಲ ತಾವೇ ಕೇಳಿ ಹಾಕಿಸಿಕೊಂಡರು. ಗೆಳತಿ ಅದೇ ಗಂಗಾಳದ ಅಂಚಿನಿಂದ ಒಂದು ತುತ್ತು ತೆಗೆದು ತಾನೂ ತಿಂದಳು. ನಾನು ರೊಟ್ಟಿ ಮುರಿಯುತ್ತ ಕೂತಿದ್ದೆ. ಸಂತೋಷವಾಯಿತು ಎಂದರೆ ಅರ್ಧ ಸತ್ಯ. ಹೊಟ್ಟೆಕಿಚ್ಚೂ ಆಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಕಾಲುವೆಯ ಸೇತುವೆ ದಾಟಿದ ಮೇಲೆ ಮಾತಾಡಿದರು.

“ನೀ ನನಗ ಬ್ಯಾರಿ ಮಾಡಿದಿ.”

“ಹೌದ್ರಿ.”

ಸೆರಗು ಹೊದ್ದುಕೊಂಡು, “ಹುಗ್ಗಿ ಮಾತ್ರ ಛಲೋ ಇತ್ತು” ಎಂದು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು.

ಮುಂದಿನ ಪ್ರಭುಭೋಜನದಲ್ಲಿ ಅತ್ತೆ ದೊಡ್ಡ ತಟ್ಟೆಗೆ ಕೈ ಚಾಚಿದರು. ನಾನೇ ಹೇಳಿದ್ದಾದರೂ ನಾನು ತಲೆ ತಗ್ಗಿಸಿಕೊಂಡೆ. ಸಭಾಪಾಲಕರು ನಮ್ಮನ್ನು ದಾಟಿ ಮುಂದೆ ಹೋದರು. ತುಂಡು ಸಿಕ್ಕಿದವರು ಸಿಕ್ಕಂತೆ ತಿನ್ನುವುದು ನಮ್ಮ ರೂಢಿ. ಅತ್ತೆ ತಿನ್ನಲಿಲ್ಲ. ಗೋಧಿಯ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು, ಸಾಲು ಮುಗಿದು, ಸಭಾಪಾಲಕರು ಮೇಜಿಗೆ ಹೋಗಿ ಸಣ್ಣ ತಟ್ಟೆ ಹಿಡಿದು ನನ್ನ ಹತ್ತಿರ ಬರುವ ತನಕ ಹಾಗೇ ಕಾದರು. ನೋಯುವ ಮೊಣಕಾಲು ಅವರದು, ಆದರೂ ಕದಲಲಿಲ್ಲ. ನನ್ನ ತುಂಡು ನನ್ನ ಕೈಗೆ ಬಂದ ಮೇಲೆ ನನ್ನ ಕಡೆ ತಿರುಗಿ, “ಹ್ಞೂಂ, ತಿನ್ನು” ಎಂದರು. ನಾನು ಜೋಳ, ಅವರು ಗೋಧಿ, ಒಟ್ಟಿಗೆ ಬಾಯಿಗಿಟ್ಟುಕೊಂಡೆವು. ಅದಾದ ಮೇಲೆ ಸಾಯುವ ತನಕ ಅವರು ಒಮ್ಮೆಯೂ ನನಗಿಂತ ಮೊದಲು ತಿನ್ನಲಿಲ್ಲ.

ಈಗ ನಾವು ಯಾದಗಿರಿಯಲ್ಲಿದ್ದೇವೆ. ಸಭೆ ದೊಡ್ಡದು, ಸಾಲು ಉದ್ದ. ನನ್ನ ತಟ್ಟೆಗೆ ಯಾರ ತಕರಾರೂ ಇಲ್ಲ, ಕೇಳದೆಯೇ ಇಡುತ್ತಾರೆ. ನಾನು ಗಟ್ಟಿಯಾಗಿದ್ದೇನೆ. ಬೇಡ ಎನ್ನುವುದನ್ನು ನಕ್ಕುಕೊಂಡೇ ಹೇಳಲು ಕಲಿತಿದ್ದೇನೆ. ಆ ತಟ್ಟೆ ನನ್ನ ಹತ್ತಿರ ಬರುವ ಹೊತ್ತಿಗೆ ಸಾಲಿನವರೆಲ್ಲ ತಿಂದು ಮುಗಿಸಿ, ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿರುತ್ತಾರೆ. ನಾನು ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾಯುತ್ತೇನೆ. ತಿನ್ನು ಎನ್ನುವವರು ಪಕ್ಕದಲ್ಲಿ ಇಲ್ಲವೆಂದು ಪ್ರತಿ ಸಲವೂ ಹೊಸದಾಗಿ ತಿಳಿಯುತ್ತದೆ. ಆಮೇಲೆ ಒಬ್ಬಳೇ ತಿನ್ನುತ್ತೇನೆ.